ಕತ್ತಿ ತೋರಿಸದಿದ್ದರೆ ಕೇಸು ನಿಲ್ಲುವುದಿಲ್ಲವೇ?

ಪ್ರಶ್ನೆ: ನಾನು ಕುಮಟಾ ತಾಲ್ಲೂಕಿನ ಒಂದು ಊರಿನಲ್ಲಿ ಮಹಿಳಾ ಸ್ವಸಹಾಯ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಸದಸ್ಯೆಯೊಬ್ಬರ ಮಗಳ ಮೇಲೆ, ಅವಳಿಗೆ ಚಿಕ್ಕಪ್ಪನ ವರಸೆಯಾಗುವವನೊಬ್ಬ ಅತ್ಯಾಚಾರ ಎಸಗಿದ್ದಾನೆ. ಮನೆಯವರು ದೂರು ಕೊಡಲು ಹೊರಟಾಗ, ಕೋರ್ಟು ಕಚೇರಿ ಓಡಾಡಿ ಬಲ್ಲ ಹಿರಿಯರೊಬ್ಬರು, “ಗುರುತಿನವನು, ಮೈಮೇಲೆ ಗಾಯವಿಲ್ಲ, ಕತ್ತಿ ಗಿತ್ತಿ ತೋರಿಸಿಲ್ಲ, ಇಂಥ ಕೇಸು ನಿಲ್ಲುವುದಿಲ್ಲ. ಕತ್ತಿ ತೋರಿಸಿ ಹೆದರಿಸಿದ ಎಂದು ಒಂದು ಮಾತು ಸೇರಿಸಿ ಬರೆಯಿರಿ” ಎಂದರು. ಇದು ನಿಜವೇ? ಗುರುತಿನವರು ಮಾಡಿದ ಕೃತ್ಯಗಳಲ್ಲಿ ಆಯುಧ ಇರುವುದೇ ಇಲ್ಲವೇ?

ಉತ್ತರ: ಮೊದಲು ಆ ಒಂದು ಮಾತಿನ ವಿಷಯ: ದಯವಿಟ್ಟು ಸೇರಿಸಬೇಡಿ. ಆ ಹಿರಿಯರ ಉದ್ದೇಶ ಕೆಟ್ಟದ್ದಿರಲಿಕ್ಕಿಲ್ಲ, ಆದರೆ ಅವರ ಸಲಹೆ ಗಟ್ಟಿಯಾಗಿ ನಿಲ್ಲಬಹುದಾದ ಪ್ರಕರಣವನ್ನೂ ಬೀಳಿಸಬಲ್ಲದು. ನೀವು ಊರಿನ ಹೆಸರನ್ನು ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಸಂತ್ರಸ್ತೆಯ ಗುರುತು ಬಹಿರಂಗವಾಗುವಂಥದ್ದನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಹುಡುಗಿಯ ವಯಸ್ಸನ್ನೂ ನೀವು ಬರೆದಿಲ್ಲ. ಹದಿನೆಂಟು ತುಂಬಿದೆಯೋ ಇಲ್ಲವೋ ಎಂಬುದರ ಮೇಲೆ ಕಾನೂನಿನ ದಾರಿಯೇ ಬೇರೆಯಾಗುವುದರಿಂದ ಎರಡನ್ನೂ ಗಮನದಲ್ಲಿಟ್ಟುಕೊಂಡು ಉತ್ತರಿಸುತ್ತೇನೆ.

ಗುರುತಿನವರು ಮತ್ತು ಆಯುಧ ಎಂಬ ಎರಡು ಸಂಗತಿಗಳ ನಡುವೆ ಒಂದು ನಂಟಿದೆ, ಅದು ನಾವು ಸಾಮಾನ್ಯವಾಗಿ ಊಹಿಸುವುದಕ್ಕೆ ತಿರುಗುಮುರುಗಾದದ್ದು. ಅಮೆರಿಕದ ನ್ಯಾಯಾಂಗ ಅಂಕಿಅಂಶ ಕಚೇರಿ ಅಲ್ಲಿನ ಮನೆಮನೆ ಸಮೀಕ್ಷೆಯನ್ನು ಆಧರಿಸಿ 2013ರಲ್ಲಿ ಹೊರತಂದ ವರದಿಯ ಪ್ರಕಾರ, 2005ರಿಂದ 2010ರ ಅವಧಿಯಲ್ಲಿ ಮಹಿಳೆಯರ ಮೇಲೆ ನಡೆದ ಲೈಂಗಿಕ ಹಿಂಸೆಯ ಪ್ರಕರಣಗಳಲ್ಲಿ ಸುಮಾರು ಶೇಕಡಾ 78ರಲ್ಲಿ ಕೃತ್ಯ ಎಸಗಿದವನು ಗಂಡ, ಮಾಜಿ ಸಂಗಾತಿ, ಬಂಧು, ಗೆಳೆಯ ಅಥವಾ ಪರಿಚಿತನಾಗಿದ್ದ. ಬಂದೂಕು, ಚಾಕು ಅಥವಾ ಬೇರೆ ಯಾವುದೇ ಆಯುಧ ಇದ್ದದ್ದು ಸುಮಾರು ಶೇಕಡಾ 11ರಲ್ಲಿ ಮಾತ್ರ. ಬಂದೂಕು ಅಂಗಡಿಯಲ್ಲಿ ಸಿಗುವ ದೇಶದಲ್ಲಿಯೇ ಬಹುಪಾಲು ಪ್ರಕರಣಗಳು ಆಯುಧವಿಲ್ಲದೆ ನಡೆದಿದ್ದವು ಎಂಬುದನ್ನು ಗಮನಿಸಬೇಕು. ಅರ್ಧಕ್ಕಿಂತ ಹೆಚ್ಚಿನವು ನಡೆದದ್ದು ಸಂತ್ರಸ್ತೆಯ ಮನೆಯಲ್ಲಿ ಅಥವಾ ಮನೆಯ ಹತ್ತಿರದಲ್ಲಿ.

ಆಯುಧವನ್ನು ತರಬೇಕಾದವನು ಅಪರಿಚಿತ. ಅವನಿಗೆ ಅವಳನ್ನು ಒಂಟಿಯಾಗಿ ಸಿಗಿಸಿಕೊಳ್ಳಲು, ಕೂಗದಂತೆ ತಡೆಯಲು, ಆಮೇಲೆ ಹೇಳದಂತೆ ಮಾಡಲು ಕೈಯಲ್ಲಿ ಏನಾದರೂ ಬೇಕು, ಮತ್ತು ಇದೆಲ್ಲವನ್ನೂ ಅವನು ಕೆಲವೇ ನಿಮಿಷಗಳಲ್ಲಿ ಸಾಧಿಸಬೇಕು. ಚಿಕ್ಕಪ್ಪನ ವರಸೆಯವನಿಗೆ ಈ ಯಾವ ತೊಂದರೆಯೂ ಇಲ್ಲ. ಮನೆಯ ಬಾಗಿಲು ಅವನಿಗೆ ತೆರೆದೇ ಇರುತ್ತದೆ. ಅಪ್ಪ ಕಾರವಾರಕ್ಕೋ ಗೋವಾಕ್ಕೋ ಕೆಲಸಕ್ಕೆ ಹೋಗುವ ದಿನ, ಅಮ್ಮ ಸಂಘದ ಸಭೆಗೆ ಹೋಗುವ ಹೊತ್ತು ಅವನಿಗೆ ಗೊತ್ತಿರುತ್ತದೆ. ಹುಡುಗಿ ಬಾಯಿ ಬಿಟ್ಟರೆ ಎರಡು ಮನೆಗಳ ನಡುವೆ ಏನಾಗುತ್ತದೆ ಎಂಬುದು ಅವನಿಗಿಂತ ಮೊದಲು ಅವಳಿಗೇ ತಿಳಿದಿರುತ್ತದೆ. ಕತ್ತಿಯಿಂದ ಆಗಬೇಕಾದ ಕೆಲಸವನ್ನೆಲ್ಲ ಸಂಬಂಧವೇ ಮಾಡಿಕೊಡುತ್ತದೆ. ಆದ್ದರಿಂದ ಆಯುಧವಿರಲಿಲ್ಲ ಎಂಬ ಸಂಗತಿಯಿಂದ ಬಲಾತ್ಕಾರವಿರಲಿಲ್ಲ ಎಂದು ತೀರ್ಮಾನಿಸುವುದು ತರ್ಕದ ದೃಷ್ಟಿಯಿಂದಲೂ ತಪ್ಪು.

ನಮ್ಮ ದೇಶದ ಅಂಕಿಗಳನ್ನು ಓದುವಾಗ ಸ್ವಲ್ಪ ಎಚ್ಚರ ಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿಯಲ್ಲಿ ದಾಖಲಾದ 31,677 ಅತ್ಯಾಚಾರ ಪ್ರಕರಣಗಳ ಪೈಕಿ ನೂರಕ್ಕೆ ಸುಮಾರು 96ರಲ್ಲಿ ಆರೋಪಿ ಸಂತ್ರಸ್ತೆಗೆ ಪರಿಚಿತ. ಸಭೆಗಳಲ್ಲಿ ಈ ಅಂಕಿಯನ್ನು ಹಾಗೆಯೇ ಎತ್ತಿ ಹೇಳುವವರಿದ್ದಾರೆ, ನಾನೂ ಹೇಳಿದ್ದೇನೆ. ಆದರೆ ಆ ಪರಿಚಿತರ ಗುಂಪಿನೊಳಗೆ ಮನೆಯವರು, ನೆರೆಯವರು, ಕೆಲಸ ಕೊಟ್ಟವರು ಇರುವಂತೆಯೇ ಮದುವೆಯಾಗುತ್ತೇನೆಂದು ನಂಬಿಸಿದ ಗೆಳೆಯರು, ಆನ್‌ಲೈನ್ ಪರಿಚಯದವರು, ಬೇರೆಯಾದ ಗಂಡಂದಿರೂ ಸೇರಿದ್ದಾರೆ. ಹೆಸರು ಗೊತ್ತಿರುವವನ ಮೇಲೆ ಎಫ್‌ಐಆರ್ ಆಗುವುದು ಸುಲಭ ಎಂಬುದೂ ಆ ಲೆಕ್ಕದೊಳಗೆ ಕುಳಿತಿದೆ. ಇನ್ನೊಂದು ಕಡೆಯಿಂದ, ಅತಿ ಹತ್ತಿರದವನ ಹೆಸರು ಠಾಣೆಯ ಮೆಟ್ಟಿಲನ್ನೇ ಹತ್ತುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಲೈಂಗಿಕ ಹಿಂಸೆಯನ್ನು ಎಂದಾದರೂ ಅನುಭವಿಸಿದ್ದಾಗಿ ಹೇಳಿದ ವಿವಾಹಿತೆಯರಲ್ಲಿ ನೂರಕ್ಕೆ 82ರಷ್ಟು ಮಂದಿ ಬೆರಳು ತೋರಿಸಿದ್ದು ಈಗಿನ ಗಂಡನ ಕಡೆಗೆ. ಹೆಂಡತಿಗೆ ಹದಿನೆಂಟು ತುಂಬಿದ್ದು, ಆಕೆ ಗಂಡನಿಂದ ಪ್ರತ್ಯೇಕವಾಗಿ ವಾಸಿಸುತ್ತಿಲ್ಲದಿದ್ದರೆ ನಮ್ಮ ಕಾನೂನು ಅದನ್ನು ಅತ್ಯಾಚಾರ ಎನ್ನುವುದಿಲ್ಲವಾದ್ದರಿಂದ ಆ ಹಿಂಸೆ ಬ್ಯೂರೋದ ಆ ಕೋಷ್ಟಕಕ್ಕೆ ಬರುವ ಪ್ರಶ್ನೆಯೇ ಇಲ್ಲ. ಆರೋಪಿಯ ಸಂಬಂಧವನ್ನು ತೋರಿಸುವ ಅದೇ ಕೋಷ್ಟಕದಲ್ಲಿ ಆಯುಧಕ್ಕೆ ಒಂದು ಅಂಕಣವೂ ಇಲ್ಲದಿರುವುದರಿಂದ, ಇವೆರಡರ ನಂಟನ್ನು ನೋಡಲು ಹೊರದೇಶದ ಸಮೀಕ್ಷೆಗಳನ್ನು ನಾನು ಎತ್ತಿಕೊಳ್ಳಬೇಕಾಯಿತು.

ಹಾಗೆಂದು ಗುರುತಿನವರು ಆಯುಧ ಎತ್ತುವುದೇ ಇಲ್ಲ ಎಂದೂ ತಿಳಿಯಬೇಡಿ. ಪರಿಚಿತ ಎಂಬುದು ಒಂದೇ ಬಗೆಯ ಸಂಬಂಧವಲ್ಲ. 1995–96ರಲ್ಲಿ ಅಮೆರಿಕದಲ್ಲಿ 8,000 ಮಹಿಳೆಯರನ್ನು ಮಾತಾಡಿಸಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಎಸಗಿದವನು ಈಗಿನ ಅಥವಾ ಹಿಂದಿನ ಸಂಗಾತಿಯಾಗಿದ್ದಾಗ ಗಾಯವಾಗುವ ಸಾಧ್ಯತೆ ಹೆಚ್ಚಿತ್ತು. ಬಿಟ್ಟುಹೋದ ಹೆಂಡತಿಯ ಮನೆಬಾಗಿಲಿಗೆ ಬರುವ ಗಂಡನ ಸಂಗತಿಯೇ ಬೇರೆ. ಅಲ್ಲಿ ನಂಬಿಕೆ ಮುರಿದುಹೋಗಿದೆ, ಹಿಡಿತ ಕೈತಪ್ಪಿದೆ. ಅದನ್ನು ಮರಳಿ ಪಡೆಯಲು ಅವನು ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ. ಸಂಬಂಧ ಆಯುಧದ ಕೆಲಸ ಮಾಡುತ್ತದೆ ಎಂದೆನಲ್ಲ, ಆ ಸಂಬಂಧ ಕೆಲಸ ಮಾಡುವುದನ್ನು ನಿಲ್ಲಿಸಿದ ಗಳಿಗೆಯಲ್ಲಿ ನಿಜವಾದ ಆಯುಧ ಹೊರಬರುತ್ತದೆ. ಇಂಥ ಮಹಿಳೆ ನಿಮ್ಮ ಸಂಘಕ್ಕೆ ಬಂದರೆ ‘ಗಂಡನೇ ಅಲ್ಲವೇ’ ಎಂದು ಹಗುರವಾಗಿ ನೋಡಬೇಡಿ. ಅಪಾಯದ ದೃಷ್ಟಿಯಿಂದ ಅವಳದು ನಿಮ್ಮ ಈಗಿನ ಪ್ರಕರಣಕ್ಕಿಂತ ತುರ್ತಿನದು.

ಇನ್ನು ಕಾನೂನು. ವಯಸ್ಕ ಮಹಿಳೆಯ ಅತ್ಯಾಚಾರದ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 64ನೇ ಕಲಂ ಅಪರಾಧವನ್ನು ಹೆಚ್ಚು ಗಂಭೀರವಾಗಿಸುವ ಸಂದರ್ಭಗಳನ್ನು ಹೆಸರಿಸುತ್ತದೆ. ಎಸಗಿದವನು ಪೊಲೀಸನಾಗಿದ್ದರೆ, ಆಸ್ಪತ್ರೆಯ ಸಿಬ್ಬಂದಿಯಾಗಿ ಅಲ್ಲಿನ ರೋಗಿಯ ಮೇಲೆ ಎಸಗಿದ್ದರೆ, ಸಂಬಂಧಿ, ಪೋಷಕ, ಶಿಕ್ಷಕನಾಗಿದ್ದರೆ, ಅಥವಾ ಅವಳ ನಂಬಿಕೆಯ ಇಲ್ಲವೇ ಅಧಿಕಾರದ ಸ್ಥಾನದಲ್ಲಿರುವವನಾಗಿದ್ದರೆ ಶಿಕ್ಷೆ ಅವನ ಉಳಿದ ಜೀವಮಾನವೆಲ್ಲ ಸೆರೆವಾಸದವರೆಗೆ ಹೋಗಬಹುದು. ಮಾರಣಾಂತಿಕ ಗಾಯ ಮಾಡಿದ್ದೂ ಆ ಪಟ್ಟಿಯಲ್ಲಿದೆ. ಆದರೆ ಆಯುಧ ಹಿಡಿದಿದ್ದ ಎಂಬುದೊಂದೇ ಆ ಪಟ್ಟಿಯಲ್ಲಿಲ್ಲ. ನಿಮ್ಮ ಹಿರಿಯರು ಯಾವ ಸಂಗತಿಯನ್ನು ದೌರ್ಬಲ್ಯವೆಂದು ಭಾವಿಸಿದರೋ, ಅಂದರೆ ಅವನು ಚಿಕ್ಕಪ್ಪನ ವರಸೆಯವನು ಎಂಬುದು, ಕಾನೂನಿನ ಕಣ್ಣಿನಲ್ಲಿ ಅಪರಾಧವನ್ನು ಭಾರಗೊಳಿಸುವ ಅಂಶ. ಯಾವುದನ್ನು ಸೇರಿಸಿದರೆ ಬಲ ಬರುತ್ತದೆ ಎಂದರೋ ಅದಕ್ಕೆ ಆ ಕಲಂನಲ್ಲಿ ಪ್ರತ್ಯೇಕ ಸ್ಥಾನವೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು ಭಾರತೀಯ ಸಾಕ್ಷ್ಯ ಅಧಿನಿಯಮದ 120ನೇ ಕಲಂ. ಸಂಬಂಧಿ ಅಥವಾ ನಂಬಿಕೆಯ ಸ್ಥಾನದಲ್ಲಿರುವವನ ಪ್ರಕರಣದಲ್ಲಿ ಕೃತ್ಯ ನಡೆದದ್ದು ಸಾಬೀತಾಗಿ, ಒಪ್ಪಿಗೆ ಇತ್ತೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾಗಿ ಉಳಿದಾಗ, ತಾನು ಒಪ್ಪಿರಲಿಲ್ಲ ಎಂದು ಅವಳು ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರೆ, ಒಪ್ಪಿಗೆ ಇರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು. ಅದನ್ನು ಅಲ್ಲಗಳೆಯುವ ಹೊಣೆ ಆರೋಪಿಯ ಮೇಲೆ ಬೀಳುತ್ತದೆ. ಈ ನಿಯಮದ ಹಿಂದೆ ಒಂದು ಕಹಿ ಚರಿತ್ರೆಯಿದೆ. ಠಾಣೆಯೊಳಗೆ ನಡೆದ ಕೃತ್ಯವೊಂದರಲ್ಲಿ ಮೈಮೇಲೆ ಗಾಯದ ಗುರುತಿಲ್ಲ, ಪ್ರತಿರೋಧದ ಕುರುಹಿಲ್ಲ ಎಂದು ಸುಪ್ರೀಂ ಕೋರ್ಟು ಪೊಲೀಸರನ್ನು ಖುಲಾಸೆ ಮಾಡಿದ 1979ರ ತುಕಾರಾಂ ಪ್ರಕರಣದ ತೀರ್ಪು ದೇಶದಾದ್ಯಂತ ಪ್ರತಿಭಟನೆಗೆ ಕಾರಣವಾಯಿತು. 1983ರಲ್ಲಿ ಹೀಗೆ ಭಾವಿಸಬೇಕೆಂಬ ನಿಯಮ ಬಂತು, 2013ರ ತಿದ್ದುಪಡಿಯಲ್ಲಿ ಸಂಬಂಧಿಗಳಿಗೂ ನಂಬಿಕೆಯ ಸ್ಥಾನದವರಿಗೂ ವಿಸ್ತರಿಸಿತು. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದ್ದಳೆಂದು ತಿಳಿಯಕೂಡದು ಎಂಬ ಸ್ಪಷ್ಟ ಮಾತನ್ನೂ ಅದೇ ವರ್ಷ ಸೇರಿಸಲಾಯಿತು, ಈಗ ಅದು ನ್ಯಾಯ ಸಂಹಿತೆಯ 63ನೇ ಕಲಂನಲ್ಲಿದೆ. ಸಂತ್ರಸ್ತೆಯ ಸಾಕ್ಷ್ಯ ವಿಶ್ವಾಸಾರ್ಹವಾಗಿದ್ದರೆ ಅದಕ್ಕೆ ಬೇರೊಂದು ಆಧಾರ ಬೇಕೇಬೇಕೆಂದಿಲ್ಲ ಎಂದು 1996ರ ಗುರ್ಮೀತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿ ಮೂರು ದಶಕಗಳಾಗುತ್ತ ಬಂದಿದೆ.

ಕಾನೂನು ಹೀಗಿದ್ದರೂ ಮನಸ್ಸುಗಳು ನಿಧಾನವಾಗಿ ಬದಲಾಗುತ್ತವೆ ಎಂಬುದನ್ನು ಒಪ್ಪಿಕೊಳ್ಳಬೇಕು. 2020ರಲ್ಲಿ ನಮ್ಮದೇ ಹೈಕೋರ್ಟಿನ ಒಂದು ನಿರೀಕ್ಷಣಾ ಜಾಮೀನು ಆದೇಶದಲ್ಲಿ, ಕೃತ್ಯದ ನಂತರ ದಣಿದು ನಿದ್ದೆಹೋದೆ ಎಂಬ ದೂರುದಾರೆಯ ಮಾತು ಭಾರತೀಯ ಮಹಿಳೆಗೆ ತಕ್ಕುದಲ್ಲ ಎಂಬರ್ಥದ ಟಿಪ್ಪಣಿ ಬಂದು, ಟೀಕೆಯ ನಂತರ ಅದನ್ನು ತೆಗೆದುಹಾಕಲಾಯಿತು. ಹಿರಿಯರ ಮಾತಿನಲ್ಲಿರುವುದು ಇಂಥದೇ ನಿರೀಕ್ಷೆ: ಕತ್ತಿ ಇರಬೇಕು, ಕೂಗಿರಬೇಕು, ಬಳೆ ಒಡೆದಿರಬೇಕು. ನಮ್ಮ ಕರಾವಳಿಯಲ್ಲಿ ಹೆಣ್ಣುಮಕ್ಕಳಿಗೆ ಎಚ್ಚರ ಹೇಳುವಾಗಲೂ ನಾವು ಬೀಚಿಗೆ ಬರುವ ಪ್ರವಾಸಿಗರನ್ನು, ಬಂದರಿನಲ್ಲಿ ದುಡಿಯುವ ಹೊರರಾಜ್ಯದ ಹುಡುಗರನ್ನು ತೋರಿಸುತ್ತೇವೆಯೇ ಹೊರತು ಹಬ್ಬಕ್ಕೆ ಬರುವ ನೆಂಟರನ್ನಲ್ಲ.

ಹುಡುಗಿ ಕೂಗಲಿಲ್ಲವೇಕೆ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರದ ಉತ್ತರವೂ ಇದೆ. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಕುರಿತ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನೂರಕ್ಕೆ 70ರಷ್ಟು ಮಂದಿ ಕೃತ್ಯದ ವೇಳೆ ತಮ್ಮ ದೇಹ ಗಣನೀಯವಾಗಿ ಮರಗಟ್ಟಿದ್ದಾಗಿ ಹೇಳಿದ್ದರು. ಕಕ್ಷಿದಾರರ ಬಾಯಲ್ಲಿ ಕೇಳಿಬರುವ “ಕೈಕಾಲು ಕಟ್ಟಿಹಾಕಿದ ಹಾಗಾಯಿತು” ಎಂಬ ಮಾತು ಅಲಂಕಾರವಲ್ಲ, ಲಕ್ಷಣ. ಹೇಳಿಕೆಯಲ್ಲಿ ಅದನ್ನು ಹಾಗೆಯೇ, ಅವಳ ಮಾತಿನಲ್ಲೇ ಬರೆಸಬೇಕು.

ಹದಿನೆಂಟು ತುಂಬಿಲ್ಲವಾದರೆ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ, ಒಪ್ಪಿಗೆಯ ಪ್ರಶ್ನೆಯೇ ಏಳುವುದಿಲ್ಲ. ಮಾರಕಾಯುಧ, ಬೆಂಕಿ, ಆಸಿಡ್‌ನಂಥ ವಸ್ತು ಬಳಸಿದ್ದನ್ನು ಆ ಕಾಯ್ದೆ ಉಗ್ರ ಸ್ವರೂಪದ ಅಪರಾಧವೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದೇ 5ನೇ ಕಲಂ, ರಕ್ತ, ದತ್ತು ಅಥವಾ ಮದುವೆಯಿಂದ ಸಂಬಂಧಿಯಾದವನನ್ನೂ ಒಂದೇ ಮನೆಯಲ್ಲಿ ವಾಸಿಸುವವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಎರಡಕ್ಕೂ 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆ 20 ವರ್ಷ. ಹೀಗಿರುವಾಗ ಇಲ್ಲದ ಕತ್ತಿಯನ್ನು ತಂದು ಗಳಿಸುವುದೇನು? ಈ ಸಂದರ್ಭದಲ್ಲಿ ನಿಮಗೂ ಒಂದು ಹೊಣೆಯಿದೆ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಆ ಕಾಯ್ದೆಯ 21ನೇ ಕಲಂ ಪ್ರಕಾರ ಶಿಕ್ಷಾರ್ಹ.

ಈಗ ಕತ್ತಿಯ ವಿಷಯಕ್ಕೇ ಬರುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಅದು ಬೇರೆಡೆಗಿಂತ ತೊಡಕಿನದು. ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬೆಳಗಾಗುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಜಗುಲಿಯ ಮೇಲೇ ಇರುತ್ತದೆ. ಕರಾವಳಿಯಲ್ಲಿ ಮೀನು ಹೆಚ್ಚುವ ಕತ್ತಿಯಿಲ್ಲದ ಅಡುಗೆಮನೆಯಿಲ್ಲ. ಘಟ್ಟದ ಮೇಲಿನ ಹಲವು ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಬಂದೂಕಿದ್ದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಮತ್ತೆ ತರುವುದು ವಾಡಿಕೆ. ಹೀಗೆ ಕಣ್ಣೆದುರು ಸದಾ ಇರುವ ವಸ್ತು ಯಾವ ಗಳಿಗೆಯಲ್ಲಿ ಆಯುಧವಾಯಿತು ಎಂದು ತೋರಿಸುವುದೇ ಪ್ರಾಸಿಕ್ಯೂಷನ್‌ನ ಕಷ್ಟ. ಸೊಂಟದಲ್ಲಿದ್ದ ಕತ್ತಿಗೆ ಅವನು ಕೈಹಾಕಲೇ ಇಲ್ಲ, ಆದರೂ ಅದು ಅಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ಅದನ್ನು ನೋಡಿಯೇ ಹೆದರಿದಳು ಎಂದಾದರೆ? ದರೋಡೆಯ ಸಂದರ್ಭದಲ್ಲಿ ಸುಪ್ರೀಂ ಕೋರ್ಟು 1975ರ ಫೂಲ್ ಕುಮಾರ್ ಪ್ರಕರಣದಲ್ಲಿ, ಎದುರಿಗಿದ್ದವರಿಗೆ ಕಾಣುವಂತೆ ಭಯ ಹುಟ್ಟಿಸುವ ರೀತಿಯಲ್ಲಿ ಆಯುಧ ಹಿಡಿದಿರುವುದೂ ಅದರ ಬಳಕೆಯೇ ಎಂದು ಹೇಳಿದೆ. ಅದು ಬೇರೆ ಅಪರಾಧದ ತೀರ್ಪು, ಇಲ್ಲಿಗೆ ನೇರವಾಗಿ ಅನ್ವಯಿಸದು. ಆದರೆ ತರ್ಕ ಉಪಯುಕ್ತ. ಸಾವಿನ ಅಥವಾ ಗಾಯದ ಭಯದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು 63ನೇ ಕಲಂ ಹೇಳುತ್ತದೆ, ಮತ್ತು ಆ ಭಯ ಅವಳ ಬಗ್ಗೆಯೇ ಆಗಬೇಕೆಂದಿಲ್ಲ, ಅವಳಿಗೆ ಬೇಕಾದವರ ಬಗ್ಗೆಯೂ ಆಗಬಹುದು. “ನಿನ್ನ ತಮ್ಮ ರಾತ್ರಿ ದೋಣಿಯಿಂದ ಒಬ್ಬನೇ ಬರುತ್ತಾನಲ್ಲ” ಎಂಬ ಒಂದು ವಾಕ್ಯ ಸಾಕು. ಆಯುಧವನ್ನು ನಿಜವಾಗಿ ಬಳಸಿ ಗಾಯಗೊಳಿಸಿದ್ದರೆ ಅದೇ ಸಂಹಿತೆಯ 118ನೇ ಕಲಂ ಪ್ರತ್ಯೇಕವಾಗಿ ಸೇರಿಕೊಳ್ಳುತ್ತದೆ.

ಬೆದರಿಕೆಯ ಅಪರಾಧವನ್ನು ಹೇಳುವ 351ನೇ ಕಲಂನ ಮೂರನೆಯ ಉಪಕಲಂ ಓದಿದರೆ ನನ್ನ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕೊಲ್ಲುತ್ತೇನೆಂಬ ಬೆದರಿಕೆಗೂ ಹೆಣ್ಣಿನ ಶೀಲಕ್ಕೆ ಕಳಂಕ ಹಚ್ಚುತ್ತೇನೆಂಬ ಬೆದರಿಕೆಗೂ ಅದು ವಿಧಿಸುವುದು ಒಂದೇ ಶಿಕ್ಷೆ, ಏಳು ವರ್ಷಗಳವರೆಗೆ. ಫೋಟೊ ಇದೆ, ಊರ ಗ್ರೂಪಿಗೆ ಹಾಕುತ್ತೇನೆ ಎಂದು ಅವನು ಹೇಳಿದ್ದರೆ ಕತ್ತಿಯ ಜಾಗದಲ್ಲಿ ಬರೆಯಬೇಕಾದದ್ದು ಅದು. ಆ ಮೊಬೈಲನ್ನು ವಶಪಡಿಸಿಕೊಳ್ಳಬೇಕೆಂದು ಮೊದಲ ದಿನವೇ ಕೇಳಬೇಕು.

ಇಲ್ಲದ ಕತ್ತಿ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಸೆಷನ್ಸ್ ನ್ಯಾಯಾಲಯದಲ್ಲಿ ಎದುರಿಗೇ ಕಂಡಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿ ಹೇಳುವುದಾದರೆ, ದೂರಿನಲ್ಲಿ ಕತ್ತಿಯಿತ್ತು, ಮ್ಯಾಜಿಸ್ಟ್ರೇಟರ ಮುಂದೆ ಹುಡುಗಿ ತಾನೇ ಹೇಳಿದ ಹೇಳಿಕೆಯಲ್ಲಿ ಕತ್ತಿಯಿರಲಿಲ್ಲ. ಪಾಟಿ ಸವಾಲಿನಲ್ಲಿ ಆರೋಪಿಯ ಪರ ವಕೀಲರು ಕೃತ್ಯದ ಬಗ್ಗೆ ಹೆಚ್ಚು ಕೇಳಲೇ ಇಲ್ಲ. ಕತ್ತಿ ಯಾವ ಕೈಯಲ್ಲಿತ್ತು, ಹಿಡಿ ಮರದ್ದೋ ಕಬ್ಬಿಣದ್ದೋ, ಆಮೇಲೆ ಎಲ್ಲಿಟ್ಟ ಎಂದು ಅರ್ಧ ಗಂಟೆ ಕೇಳಿದರು. ಅವಳು ಸುಳ್ಳು ಹೇಳಲು ಬಾರದ ಹುಡುಗಿ, ತಡವರಿಸಿದಳು; ಬೇರೆಯವರು ಬರೆದ ಒಂದು ಸಾಲು ಅವಳ ಉಳಿದೆಲ್ಲ ಸತ್ಯವನ್ನು ಸಂಶಯಕ್ಕೆ ಈಡುಮಾಡಿತು. ಪೊಲೀಸರು ಮನೆಯಿಂದ ವಶಪಡಿಸಿಕೊಂಡ ಕತ್ತಿಯ ಮಹಜರಿಗೂ ಬೆಲೆ ಬರಲಿಲ್ಲ, ಎಲ್ಲ ಮನೆಯಲ್ಲೂ ಇರುವ ಕತ್ತಿ ಅದು. ವ್ಯತಿರಿಕ್ತವಾಗಿ, ಆಯುಧ ನಿಜವಾಗಿ ಇದ್ದು ತನಿಖೆಯಲ್ಲಿ ಸಿಗದೇ ಹೋದರೆ, ಅದೊಂದರಿಂದಲೇ ನಂಬಲರ್ಹ ಸಾಕ್ಷ್ಯ ಬಿದ್ದುಹೋಗುವುದಿಲ್ಲ.

ಆದ್ದರಿಂದ ದೂರಿನಲ್ಲಿ ಬೇಕಾದದ್ದು ಸಂಬಂಧದ ವಿವರ. ಅವನು ಎಷ್ಟು ವರ್ಷದಿಂದ ಮನೆಗೆ ಬರುತ್ತಿದ್ದ, ಅವನನ್ನು ಅವಳು ಏನೆಂದು ಕರೆಯುತ್ತಿದ್ದಳು, ಶಾಲೆಗೋ ಆಸ್ಪತ್ರೆಗೋ ಅವನೊಂದಿಗೆ ಕಳಿಸಿದ್ದುಂಟೇ, ಮನೆಯವರು ಅವನಿಗೆ ಸಾಲದ ಅಥವಾ ಕೆಲಸದ ಋಣದಲ್ಲಿದ್ದಾರೆಯೇ, ಕೃತ್ಯದ ಮೊದಲೂ ನಂತರವೂ ಅವನು ಆಡಿದ ಮಾತೇನು, ಇವು ನಂಬಿಕೆಯ ಸ್ಥಾನವನ್ನೂ ಭಯವನ್ನೂ ಸಾಬೀತುಪಡಿಸುವ ಸಂಗತಿಗಳು. ಮನೆಯವರಿಗೆ ಇವು ತೀರಾ ಸಾಮಾನ್ಯವೆನಿಸಿ ಯಾರೂ ಬರೆಸುವುದಿಲ್ಲ. ದೂರು ತಡವಾಗಿದ್ದರೆ ಏಕೆ ತಡವಾಯಿತೆಂದು ಒಂದೆರಡು ವಾಕ್ಯದಲ್ಲಿ ಹೇಳಿಬಿಡಿ. ಹಿರಿಯರು ಸೇರಿ ಮಾತಾಡೋಣ ಎಂದು ಎರಡು ದಿನ ತಡೆದಿದ್ದರೆ ಅದನ್ನೂ ಬರೆಯಿರಿ. ಮಹಿಳಾ ಅಧಿಕಾರಿಯೇ ಹೇಳಿಕೆ ದಾಖಲಿಸಬೇಕು, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ತಮ್ಮ ವ್ಯಾಪ್ತಿಯಲ್ಲ ಎಂದು ಠಾಣೆಯವರು ಹಿಂದಕ್ಕೆ ಕಳಿಸಿದರೆ, ಇಂಥ ದೂರನ್ನು ದಾಖಲಿಸದ ಅಧಿಕಾರಿಯನ್ನು ಶಿಕ್ಷಿಸುವ ನ್ಯಾಯ ಸಂಹಿತೆಯ 199ನೇ ಕಲಂ ಅನ್ನು ನೆನಪಿಸಿ.

ಆಸ್ಪತ್ರೆಗೆ ಹೋಗಲು ಎಫ್‌ಐಆರ್‌ಗೆ ಕಾಯಬೇಕಾಗಿಲ್ಲ. ಸರ್ಕಾರಿ ಇರಲಿ, ಖಾಸಗಿ ಇರಲಿ, ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು, ಪೊಲೀಸರಿಗೆ ತಾವೇ ತಿಳಿಸಬೇಕು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯ ಪ್ರಕಾರ ಮೈಮೇಲಿನ ಸಾಕ್ಷ್ಯ ಸಂಗ್ರಹಕ್ಕೆ ಸುಮಾರು 96 ಗಂಟೆಗಳವರೆಗೆ ಅವಕಾಶವಿದೆ, ಗಾಯವಿಲ್ಲವೆಂದು ವೈದ್ಯರು ಪರೀಕ್ಷೆ ನಿರಾಕರಿಸುವಂತಿಲ್ಲ, ಎರಡು ಬೆರಳಿನ ಪರೀಕ್ಷೆ ಮಾಡುವಂತೆಯೇ ಇಲ್ಲ. ವಕೀಲರ ನೆರವಿಗೂ ಪರಿಹಾರಕ್ಕೂ ಕಾರವಾರದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, 15100ಕ್ಕೆ ಕರೆ ಮಾಡಿದರೂ ಆಗುತ್ತದೆ. ನೀವು ಪ್ರಶ್ನೆ ಕಳಿಸಿ ಎಷ್ಟು ದಿನವಾಯಿತೋ ತಿಳಿಯದು. ಅಂದು ತೊಟ್ಟಿದ್ದ ಬಟ್ಟೆಯನ್ನು ಇನ್ನೂ ಒಗೆದಿಲ್ಲವಾದರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ, ಒಣಗಿದ ಮೇಲೆ ಕಾಗದದಲ್ಲಿ ಸುತ್ತಿ, ಠಾಣೆಗೆ ಹೋಗುವಾಗ ಜೊತೆಗೆ ಒಯ್ಯುವಂತೆ ತಾಯಿಗೆ ಇಂದೇ ಹೇಳಿ.